ತೆರೆಗೆ ಬಾರದ ಕೆಂಪು ನಿಲುವಂಗಿ

ಹೊಸ ಬಟ್ಟೆಯನ್ನು ಹಳೆಯದು ಮಾಡುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನಂಬದವರೇ ಹೆಚ್ಚು. ನಂಬದಿದ್ದರೆ ಬಿಡಲಿ. ಸಿನಿಮಾದಲ್ಲಿ ಹತ್ತು ವರ್ಷ ಯುದ್ಧ ಮಾಡಿ ಬಂದ ಸೇನಾಪತಿ ನಿನ್ನೆ ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟು ನಿಂತರೆ ಮೊದಲು ನಗುವವರೂ ಇವರೇ. ಆ ಅಂಗಿಯ ಕೊರಳಪಟ್ಟಿಗೆ ಬೆವರಿನ ಕಲೆ ಹತ್ತಿಸಬೇಕು, ಮೊಣಕೈಯನ್ನು ಮರಳು ಕಾಗದದಲ್ಲಿ ಉಜ್ಜಿ ಸವೆಸಬೇಕು, ಒದ್ದೆ ಜೇಬಿಗೆ ಕಲ್ಲು ತುಂಬಿ ಮೂರು ದಿನ ನೇತುಹಾಕಿ ಜೋಲು ಬೀಳಿಸಬೇಕು. ಉಡುಪು ಹೊಲಿಯುವ ಆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಧೂಳಕ್ಕ ಎಂದು ಕರೆಯುತ್ತಿದ್ದರು. ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಮಾತು ಅಕ್ಷರಶಃ ನಿಜವಾಗಿದ್ದು ನನ್ನೊಬ್ಬಳಿಗೇ ಎಂದು ತಾನೇ ನಗುತ್ತಿದ್ದಳು.

ಬೇಸರವಿದ್ದದ್ದು ಇನ್ನೊಂದಕ್ಕೆ. ಹೊಲಿದವರ ಕೆಲಸ ಕಣ್ಣಿಗೆ ಕಾಣುತ್ತದೆ, ಬಣ್ಣ ಹಾಕಿದವನದ್ದು ಕಾಣುತ್ತದೆ. ಇವಳದ್ದು ಸರಿಯಾಗಿ ಆದಷ್ಟೂ ಕಾಣುವುದಿಲ್ಲ. ಸವೆದ ಬಟ್ಟೆ ನೋಡಿ ಯಾರೂ 'ಇದನ್ನು ಸವೆಸಿದವರು ಯಾರು' ಎಂದು ಕೇಳುವುದಿಲ್ಲವಲ್ಲ.

ರಾಣಿಯೊಬ್ಬಳ ಕಥೆಯ ಸಿನಿಮಾದ ಕೆಲಸ ಬಂದಾಗ ಕಾರ್ಖಾನೆ ಎರಡು ವರ್ಷ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಮುನ್ನೂರ ನಲವತ್ತು ಉಡುಪು. ಕತ್ತರಿಸುವುದು ಮಾಸ್ಟರ್, ಬಣ್ಣ ಹಾಕುವುದು ಬಣ್ಣದವನು, ಹೊಲಿಯುವುದು ಆರು ಜನ ಹೆಂಗಸರು, ಕೊನೆಗೆ ಮಾಸಿಸುವುದು ಧೂಳಕ್ಕ. ಒಳಗಿನ ವಿಷಯ ಹೊರಗೆ ಬಾಯಿ ಬಿಡುವುದಿಲ್ಲ ಎಂದು ಎಲ್ಲರೂ ಸಿನಿಮಾ ಕಂಪನಿಗೆ ಸಹಿ ಹಾಕಿ ಕೊಟ್ಟಿದ್ದರು.

ಇಡೀ ಸಿನಿಮಾದಲ್ಲಿ ಧೂಳಕ್ಕನ ಕೈಗೆ ಕೊಡದ ಉಡುಪು ಒಂದೇ ಒಂದು, ರಾಣಿ ಪಟ್ಟವೇರುವ ದಿನ ತೊಡುವ ಕೆಂಪು ನಿಲುವಂಗಿ. ಹನ್ನೆರಡು ಮೊಳ ಹಿಂದೆ ಹರಿಯುವ ಅಂಚು, ಚಿನ್ನದ ದಾರದ ಕೆಲಸ, ನಲವತ್ತು ದಿನದ ಹೊಲಿಗೆ. ಕಥೆಯ ಪ್ರಕಾರ ಆಗ ಅರಮನೆಯ ಬೊಕ್ಕಸ ಬರಿದು. ಅವಳು ತೊಡಬೇಕಾದ್ದು ಸತ್ತ ತಾಯಿಯ ನಿಲುವಂಗಿಯನ್ನೇ ಬಿಚ್ಚಿ ಹೊಲಿದದ್ದು. ಮಾಸ್ಟರೂ ಧೂಳಕ್ಕನೂ ಅದನ್ನೇ ಹೇಳಿದರು. ಕಂಪನಿಯ ಮ್ಯಾನೇಜರ್ ಕೇಳಬೇಕಲ್ಲ.

"ಇಷ್ಟು ಸುರಿದಿರೋದು ಹಳೇ ಬಟ್ಟೆ ತೋರಿಸೋಕಾ? ಹೊಳೀಬೇಕು. ಈಯಮ್ಮನ್ನ ಇದರ ಹತ್ರಾನೂ ಬಿಡಬೇಡಿ," ಎಂದ.

ಈ ಉರಿಯನ್ನು ಅವಳು ಕಕ್ಕಿದ್ದು ತಮ್ಮನ ಮುಂದೆ. ತಮ್ಮನೆಂದರೆ ಹಾದಿಬೀದಿಯ ತಮ್ಮನಲ್ಲ. ಪತ್ರಿಕೆಯಲ್ಲಿ ಹದಿನೆಂಟು ವರ್ಷದಿಂದ ಸಿನಿಮಾ ವಿಮರ್ಶೆ ಬರೆಯುವವನು. ಅವನು ಬೈದರೆ ಸಿನಿಮಾ ಸೋಲುತ್ತದೆಂದು ಅವನೂ ನಂಬಿದ್ದ, ಅಕ್ಕನೂ ನಂಬಿದ್ದಳು. ಅಪ್ಪ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಓದಿಸಿದವಳು, ಮೊದಲ ಕನ್ನಡಕ ಕೊಡಿಸಿದವಳು ಅವಳೇ. ಭಾನುವಾರ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲೇ. ಆ ಭಾನುವಾರ ಅವಳು ಕೆಂಪು ನಿಲುವಂಗಿಯನ್ನು ಗುಂಡಿಗುಂಡಿಯಾಗಿ ವರ್ಣಿಸಿ ಬೈದಳು. ಎಡತೋಳಿನಲ್ಲಿ ಹನ್ನೊಂದು ಮುತ್ತಿನ ಗುಂಡಿ, ಬಲತೋಳಿನಲ್ಲಿ ಹತ್ತು, ಅದೂ ಮಾಸ್ಟರ್ ಬೇಕೆಂದೇ ಬಿಟ್ಟದ್ದು, ಬಡ ಅರಮನೆ ಎಂದು ತೋರಿಸಲು. ಆದರೆ ಮಿಕ್ಕಿದ್ದೆಲ್ಲ ಅಂಗಡಿಯ ಗಾಜಿನಲ್ಲಿ ನಿಲ್ಲಿಸಿದ ಗೊಂಬೆಯ ಹಾಗೆ ಫಳಫಳ. ಸಹಿ ಹಾಕಿದ್ದು ನೆನಪಿಗೆ ಬರಲಿಲ್ಲವೆಂದಲ್ಲ. ಬಂತು. ತಮ್ಮನ ಮುಂದೆ ಆಡಿದ್ದು ಹೊರಗೆ ಆಡಿದ ಹಾಗೇನೂ ಅಲ್ಲ ಎಂದುಕೊಂಡಳು. ನಾಲಿಗೆಗೆ ಎಲುಬಿಲ್ಲ, ನಂಬಿಕೆಗೆ ಕಣ್ಣಿಲ್ಲ.

ಸಿನಿಮಾ ಬಿಡುಗಡೆಯಾದ ದಿನ ಕಾರ್ಖಾನೆಗೆ ಬೀಗ ಹಾಕಿ ಎಲ್ಲರೂ ಒಟ್ಟಿಗೆ ಹೋಗಿ ನೋಡಿದರು. ಹೊಲಿದ ಹೆಂಗಸರು ಕೆಂಪು ನಿಲುವಂಗಿ ಈಗ ಬಂತು, ಆಗ ಬಂತು ಎಂದು ಒಬ್ಬರ ಕೈ ಒಬ್ಬರು ಹಿಡಿದು ಕಾದರು. ಬರಲೇ ಇಲ್ಲ. ರಾಣಿಯ ತಾಯಿ ಸತ್ತಳು, ಗಂಟೆ ಬಾರಿಸಿತು, ಮುಂದಿನ ನೋಟದಲ್ಲಿ ರಾಣಿ ಆಗಲೇ ಸಿಂಹಾಸನದ ಮೇಲಿದ್ದಳು. ಪಟ್ಟಾಭಿಷೇಕವನ್ನು ಇಡಿಯಾಗಿ ಕತ್ತರಿಸಿ ಎಸೆದಿದ್ದರು. ನಲವತ್ತು ದಿನದ ಹೊಲಿಗೆ ಎಲ್ಲೋ ಡಬ್ಬಿಯೊಳಗೆ ಹೋಯಿತು. ಹೊರಗೆ ಬಂದು ಒಬ್ಬ ಹೆಂಗಸು ಅತ್ತಳು. ಮಾಸ್ಟರ್ ನೇರವಾಗಿ ಹೋಗಿ ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ತಮ್ಮನ ವಿಮರ್ಶೆ ಬಂತು. "ವೈಭವದ ಬೊಜ್ಜು" ಎಂದು ತಲೆಬರಹ. ಧೂಳಕ್ಕ ಚಹಾ ಕುಡಿಯುತ್ತಾ ಓದಿದಳು. ರಾಜಮನೆತನದ ಸಿನಿಮಾಗಳೆಂದರೆ ಬಟ್ಟೆ ಅಂಗಡಿಯ ಮೆರವಣಿಗೆ ಎಂದು ಬರೆದಿದ್ದ. ಇರಲಿ. ಮಾತು ಉದ್ದ, ಕಥೆ ಗಿಡ್ಡ ಎಂದಿದ್ದ. ಅದೂ ನಿಜವೇ. ಆಮೇಲೆ ಹೀಗಿತ್ತು: "ಪಟ್ಟಾಭಿಷೇಕದ ದೃಶ್ಯದಲ್ಲಿ ರಾಣಿ ತೊಟ್ಟ ಕೆಂಪು ನಿಲುವಂಗಿ ಅಂಗಡಿಯ ಗಾಜಿನಲ್ಲಿ ನಿಲ್ಲಿಸಿದ ಗೊಂಬೆಯನ್ನು ನೆನಪಿಸುತ್ತದೆ. ಎಡತೋಳಿಗೆ ಹನ್ನೊಂದು, ಬಲತೋಳಿಗೆ ಹತ್ತು ಮುತ್ತಿನ ಗುಂಡಿ ಇಟ್ಟು ಬಡತನ ತೋರಿಸಲು ಹೊರಟವರ ಜಾಣತನಕ್ಕೆ ನಗಬೇಕೋ ಅಳಬೇಕೋ ತಿಳಿಯದು."

ಮೊದಲು ಅವಳಿಗೆ ಬಂದದ್ದು ಸಣ್ಣ ಕೋಪ. ನನ್ನ ಮಾತನ್ನೇ ಕದ್ದು ನನಗೇ ಹೊಡೆದನಲ್ಲ ಎಂದು. ಚಹಾದ ಲೋಟ ಕೆಳಗಿಡುವಷ್ಟರಲ್ಲಿ ದೊಡ್ಡದು ಹೊಳೆಯಿತು. ಆ ದೃಶ್ಯ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಇವನು ಸಿನಿಮಾ ನೋಡಿಲ್ಲ.

ಕಾರ್ಖಾನೆಗೆ ಓಡಿದರೆ ಅಲ್ಲಿ ಆಗಲೇ ಮ್ಯಾನೇಜರ್ ಬಂದು ಕೂಗಾಡುತ್ತಿದ್ದ. ಅವನ ಕೈಯಲ್ಲಿ ಅದೇ ಪತ್ರಿಕೆ, ಇನ್ನೊಂದು ಕೈಯಲ್ಲಿ ಬಣ್ಣದವನ ಫೋನು. ಬಣ್ಣ ಹೊಂದಿಸಲು ಬಣ್ಣದವನು ಪ್ರತಿ ಉಡುಪಿನ ಫೋಟೋ ತೆಗೆದಿಡುತ್ತಿದ್ದ. ಮಾಸ್ಟರೇ ಅನುಮತಿ ಕೊಟ್ಟಿದ್ದರು. ಕೆಂಪು ನಿಲುವಂಗಿಯ ಫೋಟೋ ಇದ್ದದ್ದು ಅದೊಂದೇ ಫೋನಿನಲ್ಲಿ.

"ಗುಂಡಿ ಎಣಿಸಿ ಬರ್ದಿದಾನೆ! ಫೋಟೋ ನೋಡ್ದೆ ಇದು ಸಾಧ್ಯಾನಾ? ಎಷ್ಟಕ್ಕೆ ಮಾರ್ದೆ, ಹೇಳು," ಎಂದ ಮ್ಯಾನೇಜರ್.

ಬಣ್ಣದವನು ಬಲು ಮಾತುಗಾರ, ದಿನವಿಡೀ ಯಾರನ್ನಾದರೂ ಕಿಚಾಯಿಸುತ್ತಿದ್ದವನು. ಅಂದು ಮೊಣಕೈವರೆಗೆ ನೀಲಿ ಹತ್ತಿದ ಕೈಗಳನ್ನು ಮುಂದೆ ಚಾಚಿ, "ನಾನ್ ಯಾರಿಗೂ ಕೊಟ್ಟಿಲ್ಲ ಸಾರ್," ಎಂದಷ್ಟೇ ಮೂರು ಸಲ ಹೇಳಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಧೂಳಕ್ಕನಿಗೆ ತಡೆಯಲಾಗಲಿಲ್ಲ. "ಅವನನ್ನ ಬಿಡಿ. ಹೇಳಿದ್ದು ನಾನು. ಬರ್ದವನು ನನ್ನ ತಮ್ಮ. ಊಟಕ್ಕೆ ಕೂತಾಗ ನಾನೇ ಬಾಯಿ ಬಿಟ್ಟೆ. ಗುಂಡಿ ಎಣಿಸಿ ಹೇಳಿದ್ದೂ ನಾನೇ," ಎಂದಳು.

ಮ್ಯಾನೇಜರ್ ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕ. "ಜೊತೆ ಕೆಲಸದವನನ್ನ ಉಳಿಸೋಕೆ ಒಳ್ಳೇ ಕಥೆ ಕಟ್ಟಿದೀರಿ. ನಿಮ್ಮ ತಮ್ಮ ಪತ್ರಿಕೆಯವರ ಪ್ರಿವ್ಯೂಗೆ ಬಂದಿದ್ದ, ರಿಜಿಸ್ಟರ್‌ನಲ್ಲಿ ಸಹಿ ಇದೆ. ಸಿನಿಮಾ ನೋಡಿದವನು ಬಾಯಿಮಾತು ಕೇಳಿ ಯಾಕೆ ಬರೀತಾನೆ? ಯಾರೋ ಫೋಟೋ ತೋರಿಸಿದಾರೆ, ಅದನ್ನೂ ಇದನ್ನೂ ಕಲಸಿಕೊಂಡಿದಾನೆ."

"ಅವನು ನೋಡಿಲ್ಲ."

"ಹಾಗಂತ ಅವನೇ ಬರೆದು ಕೊಡಲಿ. ಶುಕ್ರವಾರದವರೆಗೆ ಕಾಯ್ತೀನಿ. ಕೊಟ್ರೆ ನೀವು ಮನೆಗೆ ಹೋಗ್ತೀರಿ. ಕೊಡದಿದ್ರೆ ಇವನು ಹೋಗ್ತಾನೆ. ಹೋಗೋದಷ್ಟೇ ಅಲ್ಲ, ಕಳ್ಳ ಅಂತ ಎಲ್ಲಾ ಕಂಪನಿಗೂ ಪತ್ರ ಹೋಗುತ್ತೆ."

ಅವನು ಹೋದ ಮೇಲೆ ಮಾಸ್ಟರ್ ಕತ್ತರಿ ಕೆಳಗಿಟ್ಟು, "ಏನಮ್ಮ ಇದು," ಎಂದರು. ಅದರಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಪತ್ರಿಕೆಯ ಕಚೇರಿಗೆ ಅವಳು ಹೋದದ್ದು ನಡೆದುಕೊಂಡೇ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ತಮ್ಮ ಮೆಟ್ಟಿಲ ಹತ್ತಿರ ಸಿಕ್ಕ. ಒಂದು ಕೆನ್ನೆ ಊದಿಕೊಂಡಿತ್ತು.

"ಅಕ್ಕ! ಓದಿದ್ಯಾ? ಎಲ್ಲರೂ ಫೋನ್ ಮಾಡ್ತಿದಾರೆ, ಭಾರೀ ಬಿಸಿ ಮುಟ್ಟಿದೆ ಅಂತ."

"ಮುಟ್ಟಿದೆ ಕಣೋ, ಚೆನ್ನಾಗಿ ಮುಟ್ಟಿದೆ. ಪಟ್ಟಾಭಿಷೇಕ ಸಿನಿಮಾದಲ್ಲಿ ಇಲ್ಲ. ಕತ್ತರಿಸಿಬಿಟ್ಟಿದಾರೆ. ನೀನು ಯಾವ ಸಿನಿಮಾ ನೋಡ್ದೆ?"

ಅವನ ಮುಖದ ಊದಿಕೊಳ್ಳದ ಅರ್ಧ ಕೂಡ ಬದಲಾಯಿತು. ಆಚೀಚೆ ನೋಡಿ ಅವಳ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದ. ಹಲ್ಲುನೋವಂತೆ. ಪ್ರಿವ್ಯೂನಲ್ಲಿ ಅರ್ಧ ಗಂಟೆ ಕೂತನಂತೆ, ತಲೆ ಸಿಡಿದು ಹೋಯಿತಂತೆ, ಎದ್ದು ಡಾಕ್ಟರ ಹತ್ತಿರ ಓಡಿದನಂತೆ. ಸಂಜೆಗೆ ವಿಮರ್ಶೆ ಕೊಡಬೇಕಿತ್ತು. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಮಿಕ್ಕದ್ದು ಅಕ್ಕ ಹೇಳಿದ್ದೇ ಇತ್ತಲ್ಲ. "ಹದಿನೆಂಟು ವರ್ಷದಲ್ಲಿ ಇದೊಂದೇ ಸಲ ಅಕ್ಕ, ನಿನ್ನಾಣೆ."

"ನನ್ನಾಣೆ ಯಾಕೋ ಹಾಕ್ತೀಯ? ನಿನ್ನ ಹಲ್ಲಿನ ಮೇಲೆ ಆಣೆ ಹಾಕು!" ಎಂದವಳು ಬಣ್ಣದವನ ವಿಷಯವನ್ನೆಲ್ಲ ಹೇಳಿದಳು. ಹೇಳಿ, "ಕೂತ್ಕೊಂಡು ಬರಿ. ಸಿನಿಮಾ ನೋಡಿಲ್ಲ, ಅಕ್ಕನ ಮಾತು ಕೇಳಿ ಬರೆದೆ ಅಂತ. ನಾಲ್ಕು ಸಾಲು," ಎಂದಳು.

"ಹಾಗೆ ಬರೆದ್ರೆ ನನ್ನ ಕೆಲಸ ಇರುತ್ತಾ? 'ತಾಂತ್ರಿಕ ಕಾರಣದಿಂದ ತಪ್ಪಾಗಿದೆ' ಅಂತ ಒಂದು ಸಾಲು ಹಾಕಿಸ್ತೀನಿ."

"ಆ ಸಾಲಿಂದ ಅವನು ಕಳ್ಳ ಅಲ್ಲ ಅಂತ ಆಗುತ್ತಾ?"

"ಅವನು ಬೇರೆ ಎಲ್ಲಾದ್ರೂ ಬಣ್ಣ ಹಾಕ್ಕೊಂಡು ಬದುಕ್ತಾನೆ. ನಾನು ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ಲಿ? ನಾನು ನಿನ್ನ ತಮ್ಮ ಅಕ್ಕ."

ಅವಳ ಕೈ ಆ ಊದಿದ ಕೆನ್ನೆಯ ಮೇಲೇ ಬೀಳುವುದರಲ್ಲಿತ್ತು. ಬೀಳಿಸಬೇಕಿತ್ತೆಂದು ನನಗನ್ನಿಸುತ್ತದೆ, ಆದರೆ ಸಾಕಿದ ಕೈ, ಅಷ್ಟು ಸುಲಭವಾಗಿ ಏಳುವುದಿಲ್ಲ. ಬದಲಿಗೆ ಅವಳು ಅವನ ಅಂಗಿಯ ತೋಳು ಹಿಡಿದೆಳೆದಳು. "ನಡಿ. ಮೊದಲು ಸಿನಿಮಾ ನೋಡು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ ದೊಡ್ಡವರು. ನೀನು ಕಾಣದೇನೇ ತೀರ್ಪು ಕೊಟ್ಟಿದೀಯ. ಬೈಯೋದಿದ್ರೆ ನೋಡಿ ಬೈ!"

ಮಧ್ಯಾಹ್ನದ ಆಟ. ಅರ್ಧ ಕುರ್ಚಿ ಖಾಲಿ. ಮೊದಲ ಒಂದೂವರೆ ಗಂಟೆ ಅವನು ಕೆನ್ನೆ ಹಿಡಿದುಕೊಂಡು ಹೊರಳಾಡಿದ. ಸಿನಿಮಾ ನಿಜಕ್ಕೂ ಸುಮಾರಾಗಿತ್ತು. ಎರಡನೇ ಸಲ ನೋಡುವಾಗ ಧೂಳಕ್ಕನಿಗೂ ಆಕಳಿಕೆ ಬಂತು. ಆಮೇಲೆ ರಾಣಿಯನ್ನು ಅವಳದೇ ಅರಮನೆಯಲ್ಲಿ ಹನ್ನೊಂದು ವರ್ಷ ಕೂಡಿಹಾಕುವ ಭಾಗ ಬಂತು. ಅಲ್ಲಿ ಅವಳ ಮೈಮೇಲಿದ್ದದ್ದು ಒಂದೇ ನೀಲಿ ನಿಲುವಂಗಿ. ಕ್ಯಾಮೆರಾ ಅವಳ ಹಿಂದೆ ಬಂದು ನಿಂತಿತು. ಮಾತಿಲ್ಲ, ಸಂಗೀತವಿಲ್ಲ.

ತಮ್ಮ ಹೊರಳಾಡುವುದನ್ನು ನಿಲ್ಲಿಸಿದ.

"ಅಕ್ಕ, ಎಡ ಮೊಣಕೈ ಮಾತ್ರ ಸವೆದಿದೆ," ಎಂದು ಪಿಸುಗುಟ್ಟಿದ.

"ಹೂಂ."

"ಕಿಟಕಿ ಕಟ್ಟೆ ಮೇಲೆ ಆ ಕೈ ಊರಿ ಕೂತು ಕೂತು. ಬಲತೋಳು ಬಿಸಿಲು ಬೀಳೋ ಕಡೆ ಮಾತ್ರ ಬಿಳಚಿದೆ. ಇದನ್ನ ಮಾಡಿದ್ದು ನೀನಾ?"

"ಇನ್ಯಾರು?"

ಅವಳಿಗೆ ಕತ್ತಲಲ್ಲಿ ಕಣ್ಣು ತುಂಬಿತು. ಆ ಒಂದು ತೋಳಿಗೆ ಹದಿನಾಲ್ಕು ದಿನ ಹಿಡಿದಿತ್ತು. ಇಪ್ಪತ್ತೆಂಟು ವರ್ಷದಲ್ಲಿ ತಾನಾಗಿ ನೋಡಿ ಹೇಳಿದವನು ಇವನೊಬ್ಬ. ಸಂತೋಷವಾಯಿತು, ಸುಳ್ಳೇಕೆ, ಇವನಿಂದ ಸಂತೋಷವಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ನೋಡುವ ಕಣ್ಣು ಇಟ್ಟುಕೊಂಡೂ ನೋಡದೆ ಬರೆದನಲ್ಲ ಎನ್ನುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ ಎನಿಸಿತು. ಕಣ್ಣಿಲ್ಲದವನಾಗಿದ್ದರೆ ಕ್ಷಮಿಸಬಹುದಿತ್ತು.

ಹೊರಗೆ ಬಂದು ಅವನು ಬೇರೆಯವನಂತೆ ಮಾತಾಡಿದ. "ತಪ್ಪಾಯ್ತು ಅಕ್ಕ. ಶುಕ್ರವಾರದ ಪತ್ರಿಕೆಗೆ ಬರೀತೀನಿ."

"ಎಲ್ಲಾನೂ ಬರೀತೀಯಾ?"

"ಎಲ್ಲಾನೂ."

ಅವಳು ನಂಬಿದಳು. ಕಾರ್ಖಾನೆಗೆ ಹೋಗಿ ಬಣ್ಣದವನಿಗೆ, "ಶುಕ್ರವಾರ ಬರುತ್ತೆ, ಚಿಂತೆ ಮಾಡಬೇಡ," ಎಂದಳು. ತಾನು ಮನೆಗೆ ಹೋಗಬೇಕಾಗುತ್ತದೆ ಎಂಬುದನ್ನೂ ಮನಸ್ಸಿನಲ್ಲಿ ಒಂದು ಕಡೆ ಸರಿಮಾಡಿ ಇಟ್ಟುಕೊಂಡಳು. ತಂತಿ ಬ್ರಷ್‌ಗಳನ್ನೆಲ್ಲ ತೊಳೆದು ಒಣಗಿಸಿದಳು.

ಶುಕ್ರವಾರ ಅವಳು ಕಾರ್ಖಾನೆಯ ಬಾಗಿಲು ದಾಟುವಷ್ಟರಲ್ಲಿ ಹೊಲಿಯುವ ಹೆಂಗಸರು ಬಂದು ತಬ್ಬಿಕೊಂಡರು. ಪತ್ರಿಕೆಯನ್ನು ಗೋಡೆಗೆ ಅಂಟಿಸಿಯಾಗಿತ್ತು. ಅರ್ಧ ಪುಟದ ಲೇಖನ. ಮಧ್ಯದಲ್ಲಿ ಆ ನೀಲಿ ತೋಳಿನ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ಅವಳ ಹೆಸರು, ಧೂಳಕ್ಕ ಎಂದಲ್ಲ, ಅಪ್ಪ ಅಮ್ಮ ಇಟ್ಟ ಪೂರ್ತಿ ಹೆಸರು.

ಅವನು ಬರೆದದ್ದು ಚೆನ್ನಾಗಿತ್ತು. ಹಾಳಾದವನು ಅಷ್ಟು ಚೆನ್ನಾಗಿ ಬರೆಯುತ್ತಾನೆ. "ಇಡೀ ಸಿನಿಮಾ ಸುಳ್ಳು ಹೇಳುವಾಗ ಒಂದು ತೋಳು ಮಾತ್ರ ನಿಜ ಹೇಳಿತು," ಎಂದು ಶುರು. "ಮೊದಲ ನೋಟದಲ್ಲೇ ನನ್ನ ಕಣ್ಣು ಅಲ್ಲಿ ನಿಂತಿತು," ಎಂದು ಮುಂದೆ. ಅವಳು ಬೆರಳಿಟ್ಟು ಸಾಲು ಸಾಲೂ ಓದಿದಳು. ಹಲ್ಲುನೋವು ಇಲ್ಲ, ಅಕ್ಕನ ಮನೆಯ ಊಟ ಇಲ್ಲ, ಬಣ್ಣದವನು ಇಲ್ಲವೇ ಇಲ್ಲ. ಕಟ್ಟಕಡೆಗೆ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು: ಹಿಂದಿನ ವಿಮರ್ಶೆಯಲ್ಲಿ ನುಸುಳಿದ ಸಣ್ಣ ಲೋಪಕ್ಕೆ ವಿಷಾದವಿದೆ.

ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಆ ತುಪ್ಪದ ಪರಿಮಳ ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೇ ಒಂದು ಕ್ಷಣ ಸುಮ್ಮನಿದ್ದುಬಿಡೋಣ ಎನಿಸಿತು. ಈ ಹೆಸರಿನ ಜೊತೆಗೆ ಇಲ್ಲೇ, ಈ ಗೋಡೆಯ ಪಕ್ಕದಲ್ಲೇ, ಇನ್ನೂ ಹತ್ತು ವರ್ಷ ಕೆಲಸ ಮಾಡಬಹುದು. ಮ್ಯಾನೇಜರ್ ಕೂಡ ಈಗ ಅವಳನ್ನು ಮುಟ್ಟಲಾರ.

ಬಣ್ಣದವನು ಆ ಹೊತ್ತಿಗೆ ಲೇಖನವನ್ನು ಓದಿ ಮುಗಿಸಿದ್ದ. ಎರಡು ಸಲ ಓದಿದ, ಏನೋ ತಪ್ಪಿಹೋಗಿರಬೇಕು ಎನ್ನುವವನಂತೆ. ಆಮೇಲೆ, "ಚೆನ್ನಾಗಿ ಬಂದಿದೆ ಧೂಳಕ್ಕ. ನಿನಗೆ ಸಿಗಬೇಕಾದ್ದೇ," ಎಂದ. ಅದನ್ನು ಅವನು ಮನಸಾರೆ ಹೇಳಿದ. ಹೇಳಿ, ತನ್ನ ಬಕೆಟ್ಟುಗಳನ್ನು ಒಂದರೊಳಗೊಂದು ಇಡತೊಡಗಿದ.

ಅವಳು ಗೋಡೆಯಿಂದ ಪತ್ರಿಕೆಯನ್ನು ಕಿತ್ತಳು. "ಎಲ್ಲೂ ಹೋಗಬೇಡ. ಆ ಮ್ಯಾನೇಜರ್ ಬಂದ್ರೆ ಕೂರಿಸ್ಕೊಳ್ಳಿ ಮಾಸ್ಟರ್," ಎಂದವಳೇ ಹೊರಟಳು.

ಪತ್ರಿಕೆಯ ಸಂಪಾದಕಿ ದೊಡ್ಡ ಕನ್ನಡಕದ, ಮೆದು ಮಾತಿನ ಹೆಂಗಸು. ಹೆಸರು ಕೇಳುತ್ತಲೇ ಎದ್ದು ನಿಂತು ಕೈ ಕುಲುಕಿದಳು. "ನೀವೇನಾ! ಬೆಳಗ್ಗೆಯಿಂದ ಓದುಗರ ಫೋನಿನ ಮೇಲೆ ಫೋನು. ಕೂತ್ಕೊಳ್ಳಿ, ಚಹಾ ತರಿಸ್ತೀನಿ."

"ಚಹಾ ಬೇಡಮ್ಮ. ನಿಮ್ಮ ವಿಮರ್ಶಕ ನನ್ನ ತಮ್ಮ. ಮೊದಲನೇ ಸಲ ಬರೆದಾಗ ಅವನು ಸಿನಿಮಾ ನೋಡಿರ್ಲಿಲ್ಲ."

ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಸಂಪಾದಕಿಯ ಮೆದು ಮುಖ ಗಟ್ಟಿಯಾಯಿತು. "ಅಕ್ಕ ತಮ್ಮನ ಮಧ್ಯೆ ಏನೋ ಮನಸ್ತಾಪ ಇರಬಹುದು. ಅದನ್ನ ಮನೇಲೇ ಬಗೆಹರಿಸ್ಕೊಳ್ಳಿ. ಹದಿನೆಂಟು ವರ್ಷದ ಹಳೇ ಕೈ ಅವರು. ಬರೀ ನಿಮ್ಮ ಮಾತಿನ ಮೇಲೆ ನಾನು ಏನು ಮಾಡೋಕಾಗುತ್ತೆ?"

"ಅವನನ್ನ ಕರೀರಿ."

ಕರೆಯುವ ಅಗತ್ಯ ಬೀಳಲಿಲ್ಲ. ಧೂಳಕ್ಕನ ಫೋನು ಅಷ್ಟರಲ್ಲಿ ಹೊಡೆದುಕೊಂಡಿತು. ತಮ್ಮನೇ. ಅವಳು ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದಳು.

"ಅಕ್ಕ! ನೋಡ್ದ್ಯಾ ಹೆಸರು? ಇಷ್ಟು ದಪ್ಪ ಅಕ್ಷರದಲ್ಲಿ ಹಾಕ್ಸಿದೀನಿ. ಕೋಪ ಹೋಯ್ತು ತಾನೆ?"

"ಇಲ್ಲ. ನಾನೀಗ ನಿಮ್ಮ ಸಂಪಾದಕಿ ಎದುರಿಗೆ ಕೂತಿದೀನಿ. ಅವರಿಗೆ ನಿನ್ನ ಮಾತೂ ಕೇಳಿಸ್ತಿದೆ. ಮೋಸ ಮಾಡಿ ನಿನ್ನ ಬಾಯಿ ಬಿಡಿಸಲ್ಲ, ಅದಕ್ಕೇ ಮೊದಲೇ ಹೇಳ್ತಿದೀನಿ. ಅವರು ನನ್ನ ಮಾತು ನಂಬ್ತಿಲ್ಲ. ನೋಡಿದ್ಯೋ ಇಲ್ವೋ, ನೀನೇ ಹೇಳು."

ಫೋನಿನಲ್ಲಿ ಹಿಂದೆ ಯಾರೋ ಟೈಪು ಮಾಡುವುದು ಮಾತ್ರ ಕೇಳಿಸುತ್ತಿತ್ತು. ಒಂದು ಗೋಡೆಯ ಆಚೆಗೇ ಕೂತಿದ್ದನೇನೋ.

"ಹೇಳೋ. ಹಿಂದೆ ಎಷ್ಟೋ ಸಲ ಸುಳ್ಳು ಹೇಳಿ ಬಂದಾಗ ನಾನು ನಿನ್ನ ಬೆನ್ನಿಗೆ ನಿಂತಿದೀನಿ. ಇವತ್ತು ನಿಲ್ಲಲ್ಲ. ಒಬ್ಬ ಮನುಷ್ಯ ಬಕೆಟ್ ಕಟ್ಕೊಂಡು ಕೂತಿದಾನೆ. ನೀನು ಇಲ್ಲ ಅಂದ್ರೆ ನಾನು ಎದ್ದು ಹೋಗ್ತೀನಿ, ಆಮೇಲೆ ನಿನಗೆ ಅಕ್ಕ ಇಲ್ಲ. ಅಷ್ಟೇ."

ಕೊನೆಗೆ ಅವನ ದನಿ ಬಂತು, ಒಂಬತ್ತು ವರ್ಷದ ಹುಡುಗನ ದನಿಯಷ್ಟು ಸಣ್ಣಗೆ. "ನೋಡಿರ್ಲಿಲ್ಲ ಮೇಡಂ. ಅರ್ಧ ಗಂಟೆ ಕೂತು ಎದ್ದು ಬಂದೆ. ಅಕ್ಕ ಮನೇಲಿ ಹೇಳಿದ್ದನ್ನೇ ಬರೆದೆ. ಫೋಟೋ ಯಾರೂ ಕೊಟ್ಟಿಲ್ಲ."

ಸಂಪಾದಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಒಂದು ಹಾಳೆ ಎಳೆದುಕೊಂಡು, ಕಂಪನಿಗೆ ಈಗಲೇ ಪತ್ರ ಹೋಗುತ್ತದೆ, ನಾಳೆಯ ಪತ್ರಿಕೆಯಲ್ಲೂ ಪೂರ್ತಿ ಬರುತ್ತದೆ ಎಂದು ಹೇಳಿ ಬರೆಯತೊಡಗಿದಳು. ಎರಡು ಸಾಲು ಬರೆದು ಪೆನ್ನು ನಿಲ್ಲಿಸಿದಳು.

"ವಿಷಯ ಹೇಳಿದವರು ಯಾರು ಅಂತ ಬರೆಯೋದು ಬೇಡ. 'ಕುಟುಂಬದ ಒಬ್ಬರು' ಅಂದ್ರೆ ಸಾಕು. ಇವತ್ತು ತಾನೇ ಇಷ್ಟು ಒಳ್ಳೇ ಹೆಸರು ಬಂದಿದೆ ನಿಮಗೆ. ಅದು ಯಾಕೆ ಹಾಳಾಗಬೇಕು?"

'ಕುಟುಂಬದ ಒಬ್ಬರು' ಎಂದರೆ ಮ್ಯಾನೇಜರ್ ಮತ್ತೆ ನಕ್ಕು ಬಣ್ಣದವನ ಕಡೆಗೇ ತಿರುಗುತ್ತಾನೆ ಎಂದು ಧೂಳಕ್ಕನಿಗೆ ಗೊತ್ತಿತ್ತು. ಅವಳು ಕೈಯಲ್ಲಿದ್ದ ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿ, ನೀಲಿ ತೋಳಿನ ಕೆಳಗಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟಳು.

"ಹೊಗಳೋವಾಗ ಇಷ್ಟು ದಪ್ಪ ಹಾಕಿದೀರಲ್ಲ, ಬಾಯಿ ಬಿಟ್ಟವಳು ಅಂತಾನೂ ಇದೇ ಅಕ್ಷರದಲ್ಲಿ ಹಾಕಿ. ಒಂದು ಕೂದಲಿನಷ್ಟೂ ಸಣ್ಣದು ಮಾಡಬೇಡಿ," ಎಂದಳು. ಸಂಪಾದಕಿ ಬರೆದು ಮುಗಿಸುವವರೆಗೂ ಅವಳು ಬೆರಳು ತೆಗೆಯಲಿಲ್ಲ.